ವಹನ ಎಲ್ಲಿ ಮುಗಿಯುತ್ತದೆ, ಸಂವಹನ ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ಘನವಸ್ತುವಿನಲ್ಲಿ ಶಾಖ ಸಾಗುವುದು ವಹನ, ದ್ರವ ಮತ್ತು ಅನಿಲಗಳಲ್ಲಿ ಸಾಗುವುದು ಸಂವಹನ ಎಂದು ಓದಿದ್ದೇನೆ. ಹಾಗಾದರೆ ಬಿಸಿ ಪಾತ್ರೆಯ ತಳದಿಂದ ಅದಕ್ಕೆ ತಾಗಿರುವ ನೀರಿಗೆ ಶಾಖ ದಾಟುವುದು ಯಾವ ಲೆಕ್ಕಕ್ಕೆ ಸೇರುತ್ತದೆ? ಗಾಳಿ ಶಾಖದ ಅವಾಹಕ ಅನ್ನುತ್ತಾರೆ. ಆದರೂ ಬಿಸಿ ವಸ್ತುಗಳನ್ನು ತಣಿಸಲು ಗಾಳಿಯನ್ನೇ ಊದುತ್ತಾರೆ. ಇದು ಹೇಗೆ? ಲೆಕ್ಕ ಮಾಡುವಾಗ ಯಾವ ಸೂತ್ರವನ್ನು ಎಲ್ಲಿ ಹಾಕಬೇಕು?

ಉತ್ತರ: ನೀವು ಓದಿದ ವಾಕ್ಯ ಪೂರ್ತಿ ತಪ್ಪಲ್ಲ, ಆದರೆ ಗೆರೆ ಎಳೆದಿರುವ ಜಾಗ ಸರಿಯಿಲ್ಲ. ಘನವೋ ದ್ರವವೋ ಅನಿಲವೋ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ. ಕೇಳಬೇಕಾದದ್ದು ಇಷ್ಟು: ಶಾಖ ಮುಂದಕ್ಕೆ ಹೋದಾಗ ಅದನ್ನು ಹಿಡಿದುಕೊಂಡಿದ್ದ ವಸ್ತುವೂ ಜೊತೆಗೆ ಹೋಯಿತೇ, ಇದ್ದಲ್ಲೇ ಉಳಿಯಿತೇ? ವಸ್ತು ಇದ್ದಲ್ಲೇ ಉಳಿದು ಶಾಖ ಮಾತ್ರ ದಾಟಿದರೆ ವಹನ. ಬಿಸಿಯಾದ ವಸ್ತುವೇ ಜಾಗ ಬದಲಿಸಿ ಶಾಖವನ್ನು ಹೊತ್ತೊಯ್ದರೆ ಸಂವಹನ. ಹೀಗೆ ನೋಡಿದರೆ ನೀರಿನಲ್ಲೂ ಗಾಳಿಯಲ್ಲೂ ವಹನ ಸದಾ ನಡೆಯುತ್ತಲೇ ಇರುತ್ತದೆ. ಅದರ ಮೇಲೆ ಸಂವಹನ ಬಂದು ಸೇರಿಕೊಳ್ಳುತ್ತದೆ, ಅಷ್ಟೆ. ಪಾತ್ರೆಯ ತಳದಿಂದ ನೀರಿಗೆ ದಾಟುವ ಮೊದಲ ಹೆಜ್ಜೆ ಅಪ್ಪಟ ವಹನ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಪದದ ಬಗ್ಗೆ ಒಂದು ಮಾತು. ಇವತ್ತು ‘ಸಂವಹನ’ ಅಂದರೆ ಹೆಚ್ಚಿನವರಿಗೆ ಮಾತುಕತೆ, ಮಾಧ್ಯಮ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಭೌತಶಾಸ್ತ್ರದಲ್ಲಿ ಮಾತ್ರ ಅದು ಅಕ್ಷರಶಃ ‘ಜೊತೆಗೆ ಹೊತ್ತೊಯ್ಯುವುದು’. ಇಂಗ್ಲಿಷಿನ ಕನ್ವೆಕ್ಷನ್ ಪದವನ್ನು ಈ ಅರ್ಥಕ್ಕೆ 1834ರಲ್ಲಿ ಸೂಚಿಸಿದವರು ವಿಲಿಯಂ ಪ್ರೌಟ್. ಅದರ ಲ್ಯಾಟಿನ್ ಮೂಲಕ್ಕೂ ಇದೇ ಅರ್ಥ, ಅದರ ಧಾತುವೂ ಸಂಸ್ಕೃತದ ‘ವಹ್’ ಧಾತುವಿನ ಬಳಗದ್ದೇ. ಪದದ ಒಳಗೇ ವ್ಯಾಖ್ಯೆ ಇರುವ ಇಂಥ ಪಾರಿಭಾಷಿಕಗಳು ಅಪರೂಪ. ವಹನದಲ್ಲಿ ಇಲ್ಲದ ‘ಸಂ’ ಇದರಲ್ಲಿದೆ, ಶಾಖದ ಜೊತೆಗೆ ವಸ್ತುವೂ ಹೊರಡುತ್ತದೆ.

ವಹನದ ಒಳಗೆ ಏನಾಗುತ್ತದೆ? ಬಿಸಿ ತುದಿಯ ಕಣಗಳು ಜೋರಾಗಿ ಕಂಪಿಸುತ್ತವೆ, ಪಕ್ಕದವುಗಳನ್ನು ಅಲುಗಿಸುತ್ತವೆ, ಅವು ತಮ್ಮ ಪಕ್ಕದವುಗಳನ್ನು. ಲೋಹಗಳಲ್ಲಿ ಇದರ ಜೊತೆಗೆ ಮುಕ್ತ ಎಲೆಕ್ಟ್ರಾನ್‌ಗಳಿವೆ; ಅವು ಶಾಖವನ್ನು ಬಹಳ ಬೇಗ ಹಂಚುತ್ತವೆ. ವಿದ್ಯುತ್ತಿಗೆ ಒಳ್ಳೆಯ ವಾಹಕವಾದ ಲೋಹ ಸಾಮಾನ್ಯವಾಗಿ ಶಾಖಕ್ಕೂ ಒಳ್ಳೆಯ ವಾಹಕವಾಗಿರುವುದು ಇದರಿಂದಲೇ. ವಜ್ರ ಮಾತ್ರ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ: ಅದರಲ್ಲಿ ಮುಕ್ತ ಎಲೆಕ್ಟ್ರಾನ್‌ಗಳೇ ಇಲ್ಲ, ಆದರೂ ಬಿಗಿಯಾದ ಜಾಲಕದ ಕಂಪನದಿಂದಲೇ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ.

ಎಷ್ಟು ಚೆನ್ನಾಗಿ ಎಂಬುದನ್ನು ಹೇಳುವ ಸಂಖ್ಯೆ ಉಷ್ಣವಾಹಕತೆ. ಪ್ರತಿ ಮೀಟರ್‌ಗೆ ಪ್ರತಿ ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ. ತಾಮ್ರಕ್ಕೆ ಸುಮಾರು 400, ಶುದ್ಧ ಅಲ್ಯೂಮಿನಿಯಂಗೆ 237, ಕಬ್ಬಿಣಕ್ಕೆ 80, ಸಾಮಾನ್ಯ ಉಕ್ಕಿಗೆ 50ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲ್‌ಗೆ 15, ಗಾಜಿಗೆ 1, ನೀರಿಗೆ 0.6, ಒಣ ಮರಕ್ಕೆ 0.15ರಷ್ಟು, ನಿಶ್ಚಲ ಗಾಳಿಗೆ 0.026. ಸ್ಟೇನ್‌ಲೆಸ್ ಸ್ಟೀಲ್ ಲೋಹವೇ ಆದರೂ ತಾಮ್ರದ 25ನೇ ಒಂದು ಭಾಗಕ್ಕೆ ಇಳಿಯುವುದನ್ನು ಗಮನಿಸಿ. ಮಿಶ್ರಲೋಹದಲ್ಲಿ ಬೇರೆ ಬೇರೆ ಪರಮಾಣುಗಳು ಸೇರಿ ಎಲೆಕ್ಟ್ರಾನ್‌ಗಳ ದಾರಿ ಕೆಡಿಸುತ್ತವೆ. ಒಳ್ಳೆಯ ಸ್ಟೀಲ್ ಪಾತ್ರೆಗಳ ತಳಕ್ಕೆ ತಾಮ್ರದ್ದೋ ಅಲ್ಯೂಮಿನಿಯಂದೋ ಪದರ ಕೂಡಿಸುವುದು ಈ ಕೊರತೆ ತುಂಬಲು. ಅದಿಲ್ಲದಿದ್ದರೆ ಜ್ವಾಲೆ ತಾಗುವ ಉಂಗುರದಷ್ಟು ಜಾಗ ಮಾತ್ರ ಕಾದು, ಅಲ್ಲೇ ತಳ ಹಿಡಿಯುತ್ತದೆ.

ಒಂದೇ ಕೋಣೆಯಲ್ಲಿ 20 ಡಿಗ್ರಿಯಲ್ಲಿರುವ ಉಕ್ಕಿನ ತುಂಡು, ಮರದ ತುಂಡು ಎರಡನ್ನೂ ಮುಟ್ಟಿ ನೋಡಿ. ಉಕ್ಕು ತಣ್ಣಗೆ, ಮರ ಬೆಚ್ಚಗೆ. ಥರ್ಮಾಮೀಟರ್ ಇಟ್ಟರೆ ಎರಡೂ 20 ಡಿಗ್ರಿಯೇ. ಬೆರಳು ಅಳೆಯುವುದು ವಸ್ತುವಿನ ತಾಪವನ್ನಲ್ಲ, ತನ್ನ ಚರ್ಮದ ತಾಪ ಎಲ್ಲಿಗೆ ಇಳಿಯಿತು ಎಂಬುದನ್ನು. ಚರ್ಮ 33 ಡಿಗ್ರಿಯಲ್ಲಿದ್ದರೆ, ಉಕ್ಕು ಮುಟ್ಟಿದ ಕೂಡಲೇ ಸ್ಪರ್ಶದ ಜಾಗ ಹೆಚ್ಚುಕಡಿಮೆ 21 ಡಿಗ್ರಿಗೆ ಕುಸಿಯುತ್ತದೆ. ಮರ ಮುಟ್ಟಿದರೆ 29–30ರ ಹತ್ತಿರವೇ ನಿಲ್ಲುತ್ತದೆ. ಇಲ್ಲಿ ವಾಹಕತೆ ಒಂದೇ ಅಲ್ಲ, ಸಾಂದ್ರತೆ ಮತ್ತು ವಿಶಿಷ್ಟೋಷ್ಣವೂ ಸೇರಿ ಕೆಲಸ ಮಾಡುತ್ತವೆ: ಉಕ್ಕು ಬೆರಳಿನ ಶಾಖವನ್ನು ಒಳಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ, ಮರದ ಮೇಲ್ಮೈ ಬೇಗ ಬೆಚ್ಚಗಾಗಿ ತಡೆ ಒಡ್ಡುತ್ತದೆ. ಪೂರಾ ವಹನದ ಆಟ ಇದು.

ಇನ್ನು ದ್ರವದ ವಿಷಯ. ನೀರು ಶಾಖದ ಮಟ್ಟಿಗೆ ಎಂಥ ಸೋಮಾರಿ ಎಂದು ತಿಳಿಯಲು ಸಣ್ಣ ಲೆಕ್ಕ ಸಾಕು. ತಾಪದ ಬದಲಾವಣೆ ವಹನದಿಂದಲೇ ಒಂದು ದೂರವನ್ನು ದಾಟಲು ಬೇಕಾಗುವ ಕಾಲ ಆ ದೂರದ ವರ್ಗಕ್ಕೆ ಅನುಗುಣ. 10 ಸೆಂಟಿಮೀಟರ್ ತಾಮ್ರಕ್ಕೆ ಸುಮಾರು ಒಂದೂವರೆ ನಿಮಿಷ. ಅಷ್ಟೇ ಆಳದ ನಿಶ್ಚಲ ನೀರಿಗೆ 20 ಗಂಟೆ ಹತ್ತಿರ. ಒಲೆಯ ಮೇಲಿನ ನೀರು ಕೆಲವೇ ನಿಮಿಷಗಳಲ್ಲಿ ಕುದಿಯುತ್ತದೆ ಅಂದರೆ ಆ 20 ಗಂಟೆಯ ಕೆಲಸವನ್ನು ಬೇರೆ ಯಾವುದೋ ಮಾಡಿ ಮುಗಿಸಿತು ಎಂದಾಯಿತಲ್ಲ, ಅದೇ ಸಂವಹನ.

ಇದನ್ನು ಕಣ್ಣಾರೆ ಕಾಣಲು ಹಳೆಯ ಪ್ರಯೋಗವೊಂದಿದೆ, ಇವತ್ತಿಗೂ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಶಾಖ ತಡೆಯುವ ಬೋರೋಸಿಲಿಕೇಟ್ ಗಾಜಿನ ಪ್ರನಾಳ ತೆಗೆದುಕೊಳ್ಳಿ. ಮಂಜುಗಡ್ಡೆಯ ಚೂರಿಗೆ ತಂತಿ ಸುತ್ತಿ ತಳಕ್ಕೆ ಮುಳುಗಿಸಿ; ಸುತ್ತದಿದ್ದರೆ ಅದು ತೇಲಿ ಬಂದು ಪ್ರಯೋಗ ಅಲ್ಲಿಗೇ ಮುಗಿಯುತ್ತದೆ. ಮುಕ್ಕಾಲು ಭಾಗ ತಣ್ಣೀರು ತುಂಬಿ. ಹಿಡಿಕೆಯಿಂದ ಕೆಳಭಾಗವನ್ನು ಹಿಡಿದು, ಪ್ರನಾಳವನ್ನು ಓರೆ ಮಾಡಿ, ಬಾಯಿ ಯಾರ ಮುಖದ ಕಡೆಗೂ ಇರದಂತೆ ತಿರುಗಿಸಿ. ಈಗ ನೀರಿನ ಮೇಲ್ಮಟ್ಟಕ್ಕಿಂತ ತುಸು ಕೆಳಗೆ ಸ್ಪಿರಿಟ್ ದೀಪದ ಜ್ವಾಲೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲೇ ಮೇಲಿನ ನೀರು ಗುಳುಗುಳು ಕುದಿಯುತ್ತದೆ, ಕೆಳಗೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಮಂಜುಗಡ್ಡೆ ತಣ್ಣಗೆ ಕೂತಿರುತ್ತದೆ. ಒಂದೇ ಕೊಳವೆಯಲ್ಲಿ 100 ಡಿಗ್ರಿಯೂ ಇದೆ, 0 ಡಿಗ್ರಿಯೂ ಇದೆ. ಮೇಲಿನ ಬಿಸಿ ನೀರು ಹಗುರ, ಅದಕ್ಕೆ ಕೆಳಗಿಳಿಯುವ ಕಾರಣವೇ ಇಲ್ಲ. ಹಾಗಾಗಿ ಸಂವಹನ ಸತ್ತಿದೆ, ಉಳಿದದ್ದು ನೀರಿನ ಬಡ ವಹನ ಮಾತ್ರ.

ಆಮೇಲೆ ತಿರುಗಾಮುರುಗಾ ಮಾಡಿ: ತಂತಿ ಸುತ್ತದ ಚೂರನ್ನು ಮೇಲೆ ತೇಲಬಿಟ್ಟು ತಳವನ್ನು ಕಾಯಿಸಿ. ನೀರು ಕುದಿ ಹತ್ತುವ ಎಷ್ಟೋ ಮೊದಲೇ ಚೂರು ಕರಗಿರುತ್ತದೆ. ಮೊದಲ ಪ್ರಯೋಗ ಕೈ ಕೊಡುವುದು ಎರಡು ಕಡೆ. ಜ್ವಾಲೆಯನ್ನು ಪ್ರನಾಳದ ನಡುಭಾಗಕ್ಕೋ ಕೆಳಕ್ಕೋ ಇಳಿಸಿದರೆ ಬೆಚ್ಚಗಿನ ಪದರ ಮಂಜುಗಡ್ಡೆಯ ಹತ್ತಿರ ಬಂದುಬಿಡುತ್ತದೆ. ನೀರಿನ ಮಟ್ಟಕ್ಕಿಂತ ಮೇಲೆ ಹಿಡಿದರೆ ಒಣ ಗಾಜು ವಿಪರೀತ ಕಾದು, ನೀರು ಸಿಡಿದಾಗ ಬಿರಿಯುತ್ತದೆ. ಬಹಳ ಹೊತ್ತು ಕಾಯಿಸಿದರೆ ಚೂರು ಕರಗಿಯೇ ಕರಗುತ್ತದೆ, ಏಕೆಂದರೆ ಗಾಜಿನ ಗೋಡೆಯೂ ಒಂದಿಷ್ಟು ಶಾಖವನ್ನು ಕೆಳಕ್ಕೆ ಸಾಗಿಸುತ್ತದೆ, ಅದೂ ನೀರಿಗಿಂತ ಚೆನ್ನಾಗಿ.

ಇದೇ ಪ್ರಯೋಗ ‘ಶಾಖ ಮೇಲಕ್ಕೇರುತ್ತದೆ’ ಎಂಬ ಮಾತಿನ ತಪ್ಪನ್ನೂ ತೋರಿಸುತ್ತದೆ. ಶಾಖಕ್ಕೆ ಮೇಲೆ ಕೆಳಗೆ ಎಂಬ ಭೇದವಿಲ್ಲ. ಬಿಸಿಯಿಂದ ತಂಪಿನ ಕಡೆಗೆ ಯಾವ ದಿಕ್ಕಿಗೂ ಹೋಗುತ್ತದೆ. ಮೇಲೇರುವುದು ಹಿಗ್ಗಿ ಹಗುರಾದ ನೀರು ಅಥವಾ ಗಾಳಿ, ಅದೂ ತಾನಾಗಿ ಅಲ್ಲ. ಸುತ್ತಲಿನ ಭಾರದ ತಂಪು ನೀರು ಕೆಳಗೆ ನುಗ್ಗಿ ಅದನ್ನು ಮೇಲೆ ತಳ್ಳುತ್ತದೆ. ತಳ್ಳುವುದಕ್ಕೆ ಭಾರ ಬೇಕು, ಭಾರಕ್ಕೆ ಗುರುತ್ವ ಬೇಕು. ಬಾಹ್ಯಾಕಾಶ ನಿಲ್ದಾಣದ ತೂಕರಹಿತ ಸ್ಥಿತಿಯಲ್ಲಿ ಸಹಜ ಸಂವಹನ ನಡೆಯುವುದಿಲ್ಲ. ಅಲ್ಲಿ ಹಚ್ಚಿದ ಜ್ವಾಲೆ ಉದ್ದಕ್ಕೆ ಏಳದೆ ಮಸುಕು ನೀಲಿ ಗುಂಡಿನಂತೆ ನಿಲ್ಲುತ್ತದೆ. ಫ್ಯಾನುಗಳು ಸದಾ ಓಡುತ್ತಿರಬೇಕು, ಇಲ್ಲದಿದ್ದರೆ ಮಲಗಿದವರ ಮುಖದ ಸುತ್ತ ಅವರೇ ಬಿಟ್ಟ ಉಸಿರು ಮಡುಗಟ್ಟುತ್ತದೆ.

ಬಿಸಿಯಾದದ್ದು ಹಗುರ ಎಂಬ ನಿಯಮಕ್ಕೆ ನೀರೇ ಒಂದು ಅಪವಾದ ಇಟ್ಟುಕೊಂಡಿದೆ. 4 ಡಿಗ್ರಿಯಲ್ಲಿ ಅದರ ಸಾಂದ್ರತೆ ಅತಿ ಹೆಚ್ಚು. ಕೆರೆಯ ನೀರು 4 ಡಿಗ್ರಿವರೆಗೆ ತಣಿಯುವಾಗ ಮೇಲಿನದು ಮುಳುಗುತ್ತ, ಅಡಿಯದು ಏಳುತ್ತ ಇಡೀ ಕೆರೆ ತಣಿಯುತ್ತದೆ. ಅದಕ್ಕಿಂತ ಕೆಳಗಿಳಿದರೆ ಮೇಲಿನ ಪದರವೇ ಹಗುರಾಗಿ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಅಲ್ಲಿಂದ ಮುಂದೆ ಆಳದ ನೀರು ಶಾಖ ಕಳೆದುಕೊಳ್ಳಲು ಉಳಿಯುವ ಮುಖ್ಯ ದಾರಿ ವಹನ. ಹಾಗಾಗಿಯೇ ಮಂಜಿನ ಹೊದಿಕೆಯಡಿ ಮೀನು ಬದುಕುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ. ನೀರಾಗಲಿ ಗಾಳಿಯಾಗಲಿ ಎಷ್ಟೇ ರಭಸವಾಗಿ ಹರಿಯಲಿ, ಗೋಡೆಗೆ ಅಂಟಿದ ಅದರ ತೀರಾ ಒಳಗಿನ ಪದರ ಚಲಿಸುವುದಿಲ್ಲ. ಸ್ನಿಗ್ಧತೆ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಓಡುತ್ತಿರುವ ಫ್ಯಾನಿನ ರೆಕ್ಕೆಯ ಮೇಲೂ ಧೂಳು ಕೂತಿರುತ್ತದಲ್ಲ, ಅದಕ್ಕೆ ಈ ಮಂದ ಪದರವೂ ಒಂದು ಕಾರಣ. ಗೋಡೆಯಿಂದ ದೂರ ಹೋದಂತೆ ವೇಗ ಸೊನ್ನೆಯಿಂದ ಏರುತ್ತ ಪೂರ್ಣ ಹರಿವನ್ನು ಮುಟ್ಟುತ್ತದೆ. ಇದೇ ಸೀಮಾಸ್ತರ, ಇದರ ಸಿದ್ಧಾಂತ ಕೊಟ್ಟವರು ಲುಡ್ವಿಗ್ ಪ್ರಾಂಟ್ಲ್, 1904ರಲ್ಲಿ. ನಿಂತ ಪದರದಲ್ಲಿ ವಸ್ತು ಚಲಿಸದ ಕಾರಣ ಶಾಖ ವಹನದಿಂದಲೇ ದಾಟಬೇಕು. ದಾಟಿದ ಮೇಲೆ, ಚಲಿಸುವ ಪದರ ಸಿಕ್ಕ ಕೂಡಲೇ, ಅದು ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಎರಡನ್ನೂ ಒಟ್ಟಾಗಿಯೇ ಎಂಜಿನಿಯರುಗಳು ಸಂವಹನ ಎನ್ನುತ್ತಾರೆ.

ಎರಡನೆಯ ಪ್ರಶ್ನೆಯೂ ಇಲ್ಲೇ ಬಗೆಹರಿಯಿತು. ಗಾಳಿ ಅವಾಹಕ ಎಂಬುದು ನಿಜ, ನಿಂತಿರುವ ತನಕ. ಊದಿದಾಗ ಗಾಳಿಯ ವಾಹಕತೆ ಒಂದಿಷ್ಟೂ ಹೆಚ್ಚುವುದಿಲ್ಲ; ಶಾಖ ವಹನದಿಂದ ದಾಟಬೇಕಾದ ಆ ಮಂದ ಪದರ ತೆಳ್ಳಗಾಗುತ್ತದೆ. ದಪ್ಪ ಅರ್ಧವಾದರೆ ಶಾಖ ಸುಮಾರು ಎರಡು ಪಟ್ಟು ದಾಟುತ್ತದೆ.

ಸೂತ್ರಗಳಿಗೆ ಬರೋಣ. ವಹನಕ್ಕೆ ಫೂರಿಯೆ 1822ರಲ್ಲಿ ಪ್ರಕಟಿಸಿದ ನಿಯಮ: ಸಾಗುವ ಶಾಖ ಸಮ ವಾಹಕತೆ ಗುಣಿಸು ವಿಸ್ತೀರ್ಣ ಗುಣಿಸು ತಾಪವ್ಯತ್ಯಾಸ, ಭಾಗಿಸು ದಪ್ಪ. ಸಂವಹನಕ್ಕೆ ನ್ಯೂಟನ್ ಹೆಸರಿನ ತಣಿಯುವಿಕೆಯ ನಿಯಮ: ಸಂವಹನ ಗುಣಾಂಕ ಗುಣಿಸು ವಿಸ್ತೀರ್ಣ ಗುಣಿಸು ಮೇಲ್ಮೈಗೂ ಹರಿವಿಗೂ ನಡುವಿನ ತಾಪವ್ಯತ್ಯಾಸ. ಎರಡನೆಯದರಲ್ಲಿ ದಪ್ಪ ಇಲ್ಲ, ಏಕೆಂದರೆ ಆ ಪದರದ ದಪ್ಪ ನಮಗೆ ನೇರವಾಗಿ ಗೊತ್ತಿರುವುದಿಲ್ಲ; ಅದನ್ನು ಗುಣಾಂಕದೊಳಗೆ ಅಡಗಿಸಿದ್ದಾರೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿ. ವಾಹಕತೆ ವಸ್ತುವಿನ ಗುಣ, ಕೋಷ್ಟಕ ತೆರೆದು ಓದಿಕೊಳ್ಳಬಹುದು. ಸಂವಹನ ಗುಣಾಂಕ ವಸ್ತುವಿನ ಗುಣವಲ್ಲ, ಸನ್ನಿವೇಶದ ಗುಣ: ವೇಗ, ಆಕಾರ, ಗಾತ್ರ, ಮೇಲ್ಮೈ ನಿಂತಿದೆಯೋ ಮಲಗಿದೆಯೋ, ಎಲ್ಲವೂ ಅದನ್ನು ಬದಲಿಸುತ್ತವೆ. ‘ಗಾಳಿಯ ಸಂವಹನ ಗುಣಾಂಕ ಎಷ್ಟು’ ಎಂಬ ಪ್ರಶ್ನೆಗೆ ಹಾಗಾಗಿ ಒಂದೇ ಉತ್ತರವಿಲ್ಲ. ಅಂದಾಜಿಗೆ, ಚದರ ಮೀಟರ್‌ಗೆ ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಮಾನದಲ್ಲಿ, ತಾನಾಗಿ ಚಲಿಸುವ ಗಾಳಿಗೆ 2ರಿಂದ 25, ಫ್ಯಾನಿನಿಂದ ಊದಿದ ಗಾಳಿಗೆ 25ರಿಂದ 250, ಪಂಪಿನಿಂದ ಹರಿಸಿದ ನೀರಿಗೆ ಕೆಲವು ನೂರರಿಂದ ಹತ್ತಾರು ಸಾವಿರ, ಕುದಿಯುವ ನೀರಿಗೆ ಎರಡೂವರೆ ಸಾವಿರದಿಂದ ಮೇಲೆ.

ನಿಜವಾದ ಲೆಕ್ಕಗಳಲ್ಲಿ ವಹನವೋ ಸಂವಹನವೋ ಎಂದು ಆರಿಸಿಕೊಳ್ಳುವ ಪ್ರಶ್ನೆ ಬರುವುದೇ ಕಡಿಮೆ. ಎರಡೂ ಸರಪಳಿಯ ಕೊಂಡಿಗಳ ಹಾಗೆ ಒಂದರ ಹಿಂದೆ ಒಂದು ಇರುತ್ತವೆ. ಬಿಸಿ ತುದಿಯಿಂದ ತಂಪು ತುದಿಯವರೆಗೆ ಶಾಖ ದಾಟುವ ಎಲ್ಲ ಪದರಗಳನ್ನು ಚಿತ್ರ ಬರೆದು ಗುರುತಿಸಿ. ಪ್ರತಿ ಘನ ಪದರದ ಅಡ್ಡಿ, ಅದರ ದಪ್ಪ ಭಾಗಿಸು ವಾಹಕತೆ. ಪ್ರತಿ ಮೇಲ್ಮೈಯ ಅಡ್ಡಿ, ಒಂದು ಭಾಗಿಸು ಸಂವಹನ ಗುಣಾಂಕ. ಎಲ್ಲ ಕೂಡಿಸಿ, ಒಟ್ಟು ತಾಪವ್ಯತ್ಯಾಸವನ್ನು ಅದರಿಂದ ಭಾಗಿಸಿದರೆ ಚದರ ಮೀಟರ್‌ಗೆ ಇಷ್ಟು ವ್ಯಾಟ್ ಎಂದು ಸಿಗುತ್ತದೆ. ಕೂಡಿಸುವಾಗ ಯಾವ ಅಡ್ಡಿ ಎಲ್ಲಕ್ಕಿಂತ ದೊಡ್ಡದು ಎಂದು ನೋಡಿಕೊಳ್ಳಿ; ಯಜಮಾನಿಕೆ ಅದರದ್ದೇ, ಉಳಿದವನ್ನು ಎಷ್ಟು ತಿದ್ದಿದರೂ ಹೆಚ್ಚೇನೂ ಆಗದು.

4 ಮಿಲಿಮೀಟರ್ ದಪ್ಪದ ಒಂಟಿ ಕಿಟಕಿ ಗಾಜನ್ನು ತೆಗೆದುಕೊಳ್ಳಿ. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ 20 ಡಿಗ್ರಿ ವ್ಯತ್ಯಾಸ. ಫೂರಿಯೆ ಸೂತ್ರ ಮಾತ್ರ ಹಾಕಿದರೆ 1 ಗುಣಿಸು 20 ಭಾಗಿಸು 0.004, ಚದರ ಮೀಟರ್‌ಗೆ 5000 ವ್ಯಾಟ್! ಯಾವ ಕಿಟಕಿಯೂ ಇಷ್ಟು ಶಾಖ ಸೋರಿಸುವುದಿಲ್ಲ. ತಪ್ಪಿದ್ದು ಎಲ್ಲಿ? ಗಾಜಿನ ಎರಡು ಮೈಗಳ ತಾಪ ಎರಡು ಕಡೆಯ ಗಾಳಿಯ ತಾಪವೇ ಎಂದು ಹಿಡಿದದ್ದರಲ್ಲಿ. ಒಳಮೈಯ ಪದರದ ಅಡ್ಡಿ ಸಾಮಾನ್ಯವಾಗಿ 0.13, ಹೊರಮೈಯದು 0.04 ಎಂದು ಹಿಡಿಯುತ್ತಾರೆ. ವಿಕಿರಣದ, ಅಂದರೆ ಮೈಯಿಂದ ಅಲೆಗಳ ರೂಪದಲ್ಲಿ ಹೊರಡುವ ಶಾಖದ, ಪಾಲೂ ಅದರಲ್ಲೇ ಸೇರಿದೆ. ಗಾಜಿನದು ಬರೀ 0.004. ಒಟ್ಟು 0.174, ಶಾಖ ಸುಮಾರು 115 ವ್ಯಾಟ್. ಗಾಜಿನ ಪಾಲು ನೂರಕ್ಕೆ ಎರಡೂಕಾಲರಷ್ಟು! ಗಾಜಿನ ಎರಡು ಮೈಗಳ ನಡುವೆ ಇರುವ ವ್ಯತ್ಯಾಸ ಅರ್ಧ ಡಿಗ್ರಿಯೂ ಅಲ್ಲ. 4ರ ಬದಲು 8 ಮಿಲಿಮೀಟರ್ ಗಾಜು ಹಾಕಿಸಿದರೆ ಸದ್ದು ಕಡಿಮೆಯಾದೀತು, ಶಾಖ ನಿಲ್ಲದು.

ಇದೇ ಸರಪಳಿಯನ್ನು ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂರಿಸುವ ರೆಕ್ಕೆಗಳುಳ್ಳ ಲೋಹದ ತುಂಡಿಗೆ, ಅಂದರೆ ಹೀಟ್ ಸಿಂಕ್‌ಗೆ ಹಾಕಿ ನೋಡಿ. 65 ವ್ಯಾಟ್ ಶಾಖ, 4 ಸೆಂಟಿಮೀಟರ್ ಚೌಕದ ತಳ, 5 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಎಂದುಕೊಳ್ಳಿ. ಮಿಶ್ರಲೋಹವಾದ್ದರಿಂದ ವಾಹಕತೆಯನ್ನು 200 ಎಂದು ಹಿಡಿದರೆ ತಳದ ಆಚೀಚೆ ತಾಪ ಬೀಳುವುದು 1 ಡಿಗ್ರಿ. ತಾಮ್ರಕ್ಕೆ ಬದಲಾಯಿಸಿದರೆ ಅರ್ಧ ಡಿಗ್ರಿ ಉಳಿತಾಯ. ಆದರೆ ರೆಕ್ಕೆಗಳಿಂದ ಗಾಳಿಗೆ ದಾಟಿಸುವಾಗ, ಗುಣಾಂಕ 40 ಇದ್ದು ವ್ಯತ್ಯಾಸ 35 ಡಿಗ್ರಿಗೆ ಸೀಮಿತವಾಗಬೇಕಾದರೆ, ಬೇಕಾಗುವ ಮೇಲ್ಮೈ ಸುಮಾರು 460 ಚದರ ಸೆಂಟಿಮೀಟರ್. ತಳದ ವಿಸ್ತೀರ್ಣದ ಹತ್ತಿರಹತ್ತಿರ 30 ಪಟ್ಟು. ರೆಕ್ಕೆಗಳು ಇರುವುದು ಇದಕ್ಕೇ. ಫ್ಯಾನ್ ನಿಂತು ಗುಣಾಂಕ 8ಕ್ಕೆ ಇಳಿದರೆ ಲೆಕ್ಕ ಹೇಳುವ ವ್ಯತ್ಯಾಸ 170 ಡಿಗ್ರಿ ದಾಟುತ್ತದೆ. ಅಷ್ಟಾಗುವ ಮೊದಲೇ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ ಅಥವಾ ಯಂತ್ರವೇ ಆರಿಹೋಗುತ್ತದೆ.

ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಚಿಕ್ಕ ವಿಷಯ ಅನ್ನಿಸಬಹುದು. ಚಿಪ್ಪಿನ ಮೈ, ಸಿಂಕಿನ ತಳ ಎರಡೂ ಕಣ್ಣಿಗೆ ನುಣುಪಾಗಿದ್ದರೂ ಅವು ನಿಜವಾಗಿ ತಾಗುವುದು ಅಲ್ಲಲ್ಲಿ ಉಬ್ಬಿದ ತುದಿಗಳಲ್ಲಿ. ಉಳಿದದ್ದೆಲ್ಲ ಗಾಳಿ. ಆ ಸಂದು ಪೂರ್ತಿ 0.05 ಮಿಲಿಮೀಟರ್ ಗಾಳಿಯೇ ಆಗಿದ್ದರೆ ಅಷ್ಟರಲ್ಲೇ 78 ಡಿಗ್ರಿ ಬೀಳುತ್ತಿತ್ತು. ಅಷ್ಟೇ ಸಂದಿನಲ್ಲಿ ವಾಹಕತೆ 4 ಇರುವ ಪೇಸ್ಟ್ ತುಂಬಿದರೆ ಅರ್ಧ ಡಿಗ್ರಿ. ಕೂದಲಿನಷ್ಟು ಸಂದಿಗೆ ಇಷ್ಟು ಪ್ರತಾಪ! ಹಾಗೆಂದು ಬೆಣ್ಣೆ ಬಳಿದಂತೆ ಬಳಿಯಬಾರದು: ಪೇಸ್ಟು ಗಾಳಿಗಿಂತ ಮೇಲು, ಲೋಹಕ್ಕಿಂತ ಬಹಳ ಕೀಳು. ಅರ್ಧ ಮಿಲಿಮೀಟರ್ ಉಳಿದರೆ 5 ಡಿಗ್ರಿ ಹೋಯಿತು. ಕಾಳಿನಷ್ಟು ಮಧ್ಯದಲ್ಲಿಟ್ಟು, ಸಿಂಕನ್ನು ನೇರವಾಗಿ ಒತ್ತಿ, ಸ್ಕ್ರೂಗಳನ್ನು ಎದುರುಬದುರಿಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದು ಮೂಲೆ ಮೊದಲು ಬಿಗಿದರೆ ಇನ್ನೊಂದು ಮೂಲೆಯಲ್ಲಿ ಸಂದು ಉಳಿಯುತ್ತದೆ. ಫ್ಯಾನಿಲ್ಲದ ಸಿಂಕ್ ಆದರೆ ರೆಕ್ಕೆಗಳು ನೆಟ್ಟಗೆ ಮೇಲ್ಮುಖವಾಗಿ ನಿಲ್ಲಬೇಕು, ಅಡ್ಡ ಮಲಗಿಸಿದರೆ ಬಿಸಿ ಗಾಳಿಗೆ ಏರುವ ದಾರಿ ಮುಚ್ಚುತ್ತದೆ. ಜಾಗ ಇದೆಯೆಂದು ರೆಕ್ಕೆಗಳನ್ನು ತೀರಾ ಒತ್ತಾಗಿ ಇಟ್ಟರೂ ಕೆಡುಕು, ಎದುರುಬದುರಿನ ಮಂದ ಪದರಗಳು ಕೂಡಿಕೊಂಡು ನಡುವಿನ ಗಾಳಿ ಅಲುಗುವುದೇ ಇಲ್ಲ.

ಉಷ್ಣ ನಿರೋಧಕಗಳು ಇದೇ ಕೆಡುಕನ್ನು ಬಂಡವಾಳ ಮಾಡಿಕೊಳ್ಳುತ್ತವೆ. ಉಣ್ಣೆ, ಹತ್ತಿ, ಥರ್ಮೋಕೋಲು ಇವೆಲ್ಲ ಮಾಡುವ ಕೆಲಸ ಗಾಳಿಯನ್ನು ಅಲುಗದಂತೆ ಹಿಡಿದಿಡುವುದು. ಥರ್ಮೋಕೋಲಿನ ವಾಹಕತೆ 0.035ರ ಸುತ್ತ, ಗಾಳಿಯದ್ದಕ್ಕಿಂತ ತುಸು ಹೆಚ್ಚು. ಗಾಳಿಯೇ ಇಷ್ಟು ಒಳ್ಳೆಯ ನಿರೋಧಕವಾದರೆ ಖಾಲಿ ಸಂದು ಬಿಟ್ಟರೆ ಸಾಲದೇ? ಸಾಲದು. ಸಂದು ಅಗಲವಾದರೆ ಗಾಳಿ ಒಂದು ಗೋಡೆ ಹಿಡಿದು ಏರಿ ಇನ್ನೊಂದು ಹಿಡಿದು ಇಳಿಯಲು ಶುರುಮಾಡುತ್ತದೆ. ಈ ಸುತ್ತಾಟವನ್ನು ನಿರ್ಧರಿಸುವ ಸಂಖ್ಯೆ ಅಂತರದ ಘನಕ್ಕೆ ಅನುಗುಣ, ಅಂದರೆ ಅಂತರ ಎರಡು ಪಟ್ಟಾದರೆ ಸಂಖ್ಯೆ ಎಂಟು ಪಟ್ಟು. ಜೋಡಿ ಗಾಜಿನ ಕಿಟಕಿಗಳಲ್ಲಿ ಅಂತರ 12ರಿಂದ 16 ಮಿಲಿಮೀಟರ್ ಇಡುವುದು ಇದಕ್ಕೆ; ಅಲ್ಲಿಯವರೆಗೆ ಹೆಚ್ಚಿಸಿದಷ್ಟೂ ಲಾಭ, ಆಮೇಲೆ ವಹನದಲ್ಲಿ ಉಳಿಸಿದ್ದನ್ನು ಸಂವಹನ ತಿಂದುಹಾಕುತ್ತದೆ. ನಿರೋಧಕ ಒದ್ದೆಯಾದರೆ ಗಾಳಿಯ ಜಾಗಕ್ಕೆ ಅದಕ್ಕಿಂತ 23 ಪಟ್ಟು ವಾಹಕತೆಯ ನೀರು ಬಂದು ಕೂರುತ್ತದೆ. ಒತ್ತಿ ಚಪ್ಪಟೆ ಮಾಡಿದರೆ ಗಾಳಿಯೂ ಹೋಯಿತು, ದಪ್ಪವೂ ಹೋಯಿತು.

ತೆಳು ಕೊಳವೆಗಳಿಗೆ ನಿರೋಧಕ ಸುತ್ತುವವರು ಒಂದು ವಿಚಿತ್ರ ತಿಳಿದಿರಬೇಕು. ಸುತ್ತಿದಷ್ಟೂ ವಹನದ ಅಡ್ಡಿ ಹೆಚ್ಚುತ್ತದೆ, ಆದರೆ ಹೊರಮೈಯೂ ಹಿಗ್ಗುವುದರಿಂದ ಸಂವಹನಕ್ಕೆ ಅನುಕೂಲ. ಯಾವುದು ಗೆಲ್ಲುತ್ತದೆ? ನಿರೋಧಕದ ವಾಹಕತೆಯನ್ನು ಸಂವಹನ ಗುಣಾಂಕದಿಂದ ಭಾಗಿಸಿ ಬರುವ ತ್ರಿಜ್ಯಕ್ಕಿಂತ ಕೊಳವೆ ಸಣ್ಣದಿದ್ದರೆ, ಮೊದಮೊದಲ ಪದರ ಶಾಖವನ್ನು ಉಳಿಸುವ ಬದಲು ಹೆಚ್ಚು ಸೋರಿಸುತ್ತದೆ. ವಾಹಕತೆ 0.04ರ ಫೋಮ್, ಗುಣಾಂಕ 10 ಎಂದರೆ ಆ ತ್ರಿಜ್ಯ 4 ಮಿಲಿಮೀಟರ್, ಹಾಗಾಗಿ ದಪ್ಪ ಕೊಳವೆಗಳಿಗೆ ಈ ಚಿಂತೆಯಿಲ್ಲ. ವಿದ್ಯುತ್ ತಂತಿಯ ಪ್ಲಾಸ್ಟಿಕ್‌ಗೆ ವಾಹಕತೆ 0.2ರಷ್ಟಿದ್ದು ತ್ರಿಜ್ಯ 20 ಮಿಲಿಮೀಟರ್ ಆಗುತ್ತದೆ. ತಂತಿಯ ಹೊದಿಕೆ ತಂತಿಯನ್ನು ಬೆಚ್ಚಗಿಡುವುದಿರಲಿ, ಬರಿ ತಂತಿಗಿಂತ ತಂಪಾಗಿಡಲು ನೆರವಾಗುತ್ತದೆ.

ನೀರು ಕಾಯಿಸುವ ಗೀಸರ್‌ನಲ್ಲಿ ವಹನ, ಸಂವಹನ ಎರಡರ ಕೆಡುಕುಗಳೂ ಒಟ್ಟಿಗೆ ಕಾಣಸಿಗುತ್ತವೆ. ಎಲಿಮೆಂಟ್ ಕೆಳಗಿರಬೇಕು, ಬಿಸಿ ನೀರು ಹೊರಡುವ ಬಾಯಿ ಮೇಲಿರಬೇಕು. ಎಲಿಮೆಂಟ್ ಅರ್ಧ ಎತ್ತರದಲ್ಲಿದ್ದರೆ ಅದರ ಕೆಳಗಿನ ನೀರು ಪ್ರನಾಳದ ಮಂಜುಗಡ್ಡೆಯ ಹಾಗೆ ತಣ್ಣಗೇ ಉಳಿಯುತ್ತದೆ. ತಣ್ಣೀರು ಮೇಲಿನಿಂದ ಬರುವ ಟ್ಯಾಂಕುಗಳಲ್ಲಿ ಅದನ್ನು ತಳದವರೆಗೆ ಇಳಿಸುವ ಒಳಕೊಳವೆ ಇರುತ್ತದೆ. ಅದು ಬಿರುಕುಬಿಟ್ಟರೆ ತಣ್ಣೀರು ಮೇಲೆಯೇ ಬಿಸಿ ನೀರಿನ ಜೊತೆ ಬೆರೆತು, ಟ್ಯಾಂಕು ತುಂಬ ಬಿಸಿ ಇದ್ದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನದು ಬರುತ್ತದೆ. ಎಲಿಮೆಂಟ್ ಬದಲಾಯಿಸಿದರೆ ಏನೂ ಪ್ರಯೋಜನವಿಲ್ಲ. ಇನ್ನು ಗಡಸು ನೀರಿನ ಸುಣ್ಣದ ಪೊರೆ. ಚದರ ಸೆಂಟಿಮೀಟರ್‌ಗೆ 8 ವ್ಯಾಟ್ ಬಿಡುವ ಎಲಿಮೆಂಟ್ ಮೇಲೆ, ವಾಹಕತೆ 1 ಇರುವ 1 ಮಿಲಿಮೀಟರ್ ಪೊರೆ ಕಟ್ಟಿದರೆ ಎಲಿಮೆಂಟ್ ಮೈ ಮೊದಲಿಗಿಂತ 80 ಡಿಗ್ರಿ ಹೆಚ್ಚು ಕಾಯಬೇಕಾಗುತ್ತದೆ. ಇದರಿಂದ ಕರೆಂಟು ವ್ಯರ್ಥವಾಗುತ್ತದೆ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ನೀರಿನೊಳಗೆ ಮುಳುಗಿದ ಎಲಿಮೆಂಟಿನ ಶಾಖಕ್ಕೆ ನೀರಿಗೆ ಹೋಗದೆ ಬೇರೆ ಗತಿಯಿಲ್ಲ. ಕೆಡುವುದು ಎಲಿಮೆಂಟಿನ ಆಯುಸ್ಸು. ಗ್ಯಾಸಿನಿಂದ ಕಾಯಿಸುವ ಬಾಯ್ಲರಿನಲ್ಲಾದರೆ ಪೊರೆ ನಿಜಕ್ಕೂ ಇಂಧನ ತಿನ್ನುತ್ತದೆ, ಏಕೆಂದರೆ ನೀರಿಗೆ ದಾಟದ ಶಾಖ ಹೊಗೆಕೊಳವೆಯಲ್ಲಿ ಹೊರಟುಹೋಗುತ್ತದೆ.

ಫ್ಯಾನಿನ ಬಗ್ಗೆ ಚಿಕ್ಕದಾಗಿ. ಅದು ಗಾಳಿಯನ್ನು ತಂಪು ಮಾಡುವುದಿಲ್ಲ. ಖಾಲಿ ಕೋಣೆಯಲ್ಲಿ ಓಡಿಸಿದ 60 ವ್ಯಾಟಿನ ಫ್ಯಾನ್ ಆ ಕೋಣೆಗೆ 60 ವ್ಯಾಟ್ ಶಾಖ ಸೇರಿಸುತ್ತದೆ. ಮೈಯನ್ನು ಸುತ್ತಿದ ಬೆಚ್ಚಗಿನ ಪದರವನ್ನು ಒರೆಸಿ, ಬೆವರು ಆರಿಸುವುದು ಅದರ ಕೆಲಸ. ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದರೆ, ಅಂದರೆ ಸುಮಾರು 35 ಡಿಗ್ರಿ ದಾಟಿದ ಮೇಲೆ, ಸಂವಹನ ಮೈಗೆ ಶಾಖ ತರಲು ಶುರುಮಾಡುತ್ತದೆ. ಆಗ ಕಾಪಾಡುವುದು ಬೆವರು ಒಂದೇ.

ಲೆಕ್ಕದಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಬಿಸಿ ವಸ್ತು ತಣಿಯುವಾಗ ಅದರ ಒಳಗೂ ಹೊರಗೂ ಒಂದೇ ತಾಪ ಎಂದು ಯಾವಾಗ ಹಿಡಿಯಬಹುದು? ಸಂವಹನ ಗುಣಾಂಕವನ್ನು ವಸ್ತುವಿನ ಗಾತ್ರದಿಂದ (ಘನಫಲ ಭಾಗಿಸು ಮೇಲ್ಮೈ) ಗುಣಿಸಿ ವಾಹಕತೆಯಿಂದ ಭಾಗಿಸಿ, ಬಂದದ್ದು 0.1ಕ್ಕಿಂತ ಕಡಿಮೆಯಾದರೆ ಹಿಡಿಯಬಹುದು. ಇದು ಬಯೋ ಸಂಖ್ಯೆ. 2 ಸೆಂಟಿಮೀಟರ್ ವ್ಯಾಸದ ಉಕ್ಕಿನ ಗುಂಡು ನಿಂತ ಗಾಳಿಯಲ್ಲಿ ತಣಿಯುವಾಗ ಅದು 0.001ಕ್ಕೂ ಕಡಿಮೆ, ನ್ಯೂಟನ್ ಸೂತ್ರವನ್ನು ಕಣ್ಣುಮುಚ್ಚಿ ಹಾಕಿ. ಅಷ್ಟೇ ದೊಡ್ಡ ಬಿಸಿ ಗಾಜಿನ ಗುಂಡನ್ನು ಕಲಕುತ್ತಿರುವ ನೀರಿಗೆ ಹಾಕಿದರೆ, ಗುಣಾಂಕ 1000 ಹಿಡಿದರೆ, 3ಕ್ಕೂ ಹೆಚ್ಚು. ಹೊರಮೈ ತಣಿದು ಕುಗ್ಗುತ್ತದೆ, ನಡುಭಾಗ ಇನ್ನೂ ಬಿಸಿಯಾಗಿ ಹಿಗ್ಗಿಯೇ ಇರುತ್ತದೆ, ಗಾಜು ಬಿರಿಯುತ್ತದೆ. ವಿಕಿರಣವನ್ನೂ ಮರೆಯಬೇಡಿ: ಕೋಣೆಯ ತಾಪದಲ್ಲಿ ಕಪ್ಪು ಮೈಯೊಂದರ ವಿಕಿರಣ, ಗುಣಾಂಕದ ಭಾಷೆಯಲ್ಲಿ ಹೇಳಿದರೆ, 6ರಷ್ಟು. ಫ್ಯಾನಿದ್ದಾಗ ಅದನ್ನು ಬಿಟ್ಟರೂ ನಡೆದೀತು. ಸಹಜ ಸಂವಹನದಲ್ಲಿ ಅದು ಸರಿಸಮನಾದ ಪಾಲುದಾರ.

ಕೊನೆಗೆ, ‘ಸಂವಹನ ಘನದಲ್ಲಿ ನಡೆಯುವುದೇ ಇಲ್ಲ’ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ, ಭೂಮಿ ಮಾತ್ರ ಒಪ್ಪುವುದಿಲ್ಲ. ಭೂಮಿಯ ಮ್ಯಾಂಟಲ್, ಅಂದರೆ ಹೊರಚಿಪ್ಪಿಗೂ ನಡುಗರ್ಭಕ್ಕೂ ಮಧ್ಯದ ಪದರ, ಬಹುಪಾಲು ಘನ ಶಿಲೆಯೇ. ಆದರೂ ಅಪಾರ ಕಾವು, ಒತ್ತಡ, ಕಾಲ ಮೂರೂ ಸೇರಿದಾಗ ಆ ಶಿಲೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ತೆವಳುತ್ತದೆ. ಅದರ 2900 ಕಿಲೋಮೀಟರ್ ದಪ್ಪವನ್ನು ತಾಪದ ಬದಲಾವಣೆ ವಹನದಿಂದ ಮಾತ್ರ ದಾಟಬೇಕಿದ್ದರೆ, ಮೇಲೆ ನೀರಿಗೆ ಮಾಡಿದ ಅದೇ ಲೆಕ್ಕ ಇಲ್ಲಿ 20 ಸಾವಿರ ಕೋಟಿ ವರ್ಷಗಳನ್ನೂ ಮೀರುತ್ತದೆ. ಭೂಮಿಯ ವಯಸ್ಸೇ 450 ಕೋಟಿ ವರ್ಷ. ವರ್ಷಕ್ಕೆ 5 ಸೆಂಟಿಮೀಟರ್ ತೆವಳುವ ಕಲ್ಲು ಅದೇ ದೂರವನ್ನು 6 ಕೋಟಿ ವರ್ಷಗಳೊಳಗೆ ಶಾಖದ ಸಮೇತ ದಾಟಿ ಮುಗಿಸುತ್ತದೆ.